ಬೆಂಗಳೂರಾ, ಚೆನ್ನೈಯಾ: ಬಸ್ಸು-ರೈಲು ಎಲ್ಲಿ ಚೆನ್ನ, ಪೇಟೆ ಎಲ್ಲಿ ಜೀವಂತ?

ಸಂಪಿಗೆಮರ:
ಸ್ವಂತ ಗಾಡಿ ಇಲ್ಲದವರಿಗೆ ಬೆಂಗಳೂರು ಸುಲಭವೋ, ಚೆನ್ನೈ ಸುಲಭವೋ? ನಾನು ಎರಡೂ ಊರಿನಲ್ಲಿ ಕೆಲಸ ಮಾಡಿದವನು. ಎರಡು ಕಡೆಯೂ ಬಸ್ಸು, ರೈಲು ನಂಬಿಕೊಂಡೇ ಓಡಾಡಿದವನು. ಈ ಎರಡು ಊರಿನವರು ಒಂದು ಕಡೆ ಸೇರಿದರೆ ಮಾತು ಹವಾಮಾನಕ್ಕೆ, ಕಾವೇರಿಗೆ, ಕ್ರಿಕೆಟ್‌ಗೆ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಇಲ್ಲಿ ಎರಡೇ ವಿಷಯ ಮಾತಾಡೋಣ. ಒಂದು, ಜನ ಹೇಗೆ ಓಡಾಡುತ್ತಾರೆ. ಇನ್ನೊಂದು, ಊರಿನ ನಡುಭಾಗ ಸಂಜೆ ಹೊತ್ತು ಎಷ್ಟು ಜೀವಂತವಾಗಿರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಮೆಟ್ರೋ ಒಂದನ್ನೇ ನೋಡಿದರೆ ಬೆಂಗಳೂರು ಮುಂದೆ. ಪರ್ಪಲ್ ಲೈನ್ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಯಿತು. ಗ್ರೀನ್ ಲೈನ್ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಯೆಲ್ಲೋ ಲೈನ್ ಬಂತು. ಅಲ್ಲಿಗೆ ಒಟ್ಟು ಸುಮಾರು 96 ಕಿಲೋಮೀಟರ್. ಆ ಹೊತ್ತಿಗೆ ಚೆನ್ನೈ ಮೆಟ್ರೋ 54 ಕಿಲೋಮೀಟರ್.

ಆದರೆ ಪೇಟೆಯ ವಿಷಯಕ್ಕೆ ಬಂದರೆ ನನಗೆ ಚೆನ್ನೈ ಮೇಲು ಅನಿಸುತ್ತದೆ. ಟಿ. ನಗರದಲ್ಲಿ ಸಂಜೆ ಕಾಣುವ ಜನ ನಮ್ಮ ಎಂ.ಜಿ. ರಸ್ತೆಯಲ್ಲಿ ಕಾಣುವುದಿಲ್ಲ. ಮೆಟ್ರೋ ಇರುವ ಕಡೆ ಜನ ಕಡಿಮೆ, ಮೆಟ್ರೋ ಇಲ್ಲದ ಟಿ. ನಗರದಲ್ಲಿ ಜಾಸ್ತಿ. ಯಾಕೆ ಹೀಗೆ?

ಹಳಿಮೇಲೆ:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಟಿ. ನಗರಕ್ಕೆ ರೈಲು ಇದೆ. ಮಾಂಬಲಂ ಸ್ಟೇಷನ್ ಬಿಟ್ಟುಬಿಟ್ಟಿದ್ದೀರಿ. ಇಳಿದು ಹೊರಗೆ ಕಾಲಿಟ್ಟರೆ ರಂಗನಾಥನ್ ಸ್ಟ್ರೀಟ್. ರೈಲಿನಿಂದ ಸೀದಾ ಅಂಗಡಿಗೆ.

ಚೆನ್ನೈ ಬೀಚ್ ಸ್ಟೇಷನ್‌ನಿಂದ ತಾಂಬರಂವರೆಗೆ ಕರೆಂಟ್ ರೈಲು ಓಡಲು ಶುರುವಾಗಿದ್ದು 1931ರಲ್ಲಿ. ಸ್ವಾತಂತ್ರ್ಯಕ್ಕಿಂತ 16 ವರ್ಷ ಮೊದಲು! ಮಾಂಬಲಂ, ಸೈದಾಪೇಟೆ, ಗಿಂಡಿ, ಪಲ್ಲಾವರಂ, ಕ್ರೋಂಪೇಟೆ ಎಲ್ಲ ಆ ರೈಲಿನ ಸುತ್ತ ಬೆಳೆದವು. ಚೆಂಗಲ್‌ಪಟ್ಟು, ಅರಕ್ಕೋಣಂ, ಗುಮ್ಮಿಡಿಪೂಂಡಿ, ಮೂರು ದಿಕ್ಕಿನಿಂದಲೂ ಸಬರ್ಬನ್ (ಉಪನಗರ) ರೈಲು ಬರುತ್ತದೆ. ಟಿಕೆಟ್ 5 ರೂಪಾಯಿಯಿಂದ ಶುರು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೆಟ್ರೋ ಉದ್ದ ಮಾತ್ರ ಹೋಲಿಸಿದರೆ ಅದು ಅರ್ಧ ಹೋಲಿಕೆ.

ಬಸ್‌ಪಾಸ್:
96, 54 ಅಂತ ಕಿಲೋಮೀಟರ್ ಎಣಿಸುವುದನ್ನು ಮೊದಲು ನಿಲ್ಲಿಸಿ. ಬೆಂಗಳೂರಿನಲ್ಲಿ ಇವತ್ತಿಗೂ ಜಾಸ್ತಿ ಜನರನ್ನು ಹೊರುವುದು ಬಿಎಂಟಿಸಿ, ಮೆಟ್ರೋ ಅಲ್ಲ. ಯಾವ ಚರ್ಚೆಯಲ್ಲೂ ಬಸ್ಸಿನ ಹೆಸರು ಕೊನೆಗೇ ಬರುತ್ತದೆ.

ಪೇಟೆಹುಡುಗ:
ಎಂ.ಜಿ. ರಸ್ತೆಯನ್ನು ಬೆಂಗಳೂರಿನ ನಡುಭಾಗ ಅಂದವರು ಯಾರು ಸ್ವಾಮಿ? ಅದು ದಂಡು ಪ್ರದೇಶ. ಬ್ರಿಟಿಷರ ದಂಡು ಬಂದಿದ್ದು 1809ರಲ್ಲಿ. ಕೆಂಪೇಗೌಡರು ಕಟ್ಟಿದ ಊರು 1537ರದ್ದು. ಬಳೇಪೇಟೆ, ಚಿಕ್ಕಪೇಟೆ, ನಗರ್ತಪೇಟೆ, ಅವೆನ್ಯೂ ರಸ್ತೆ, ಕೆ.ಆರ್. ಮಾರ್ಕೆಟ್, ಇದು ನಡುಭಾಗ. ಬೆಳಗಿನ ಜಾವ ನಾಲ್ಕಕ್ಕೆ ಹೂವಿನ ಮಾರ್ಕೆಟ್‌ಗೆ ಬನ್ನಿ. ಕಾಲಿಡಲು ಜಾಗ ಇರುವುದಿಲ್ಲ. ಜೀವ ಇಲ್ಲ ಅಂತ ಹೇಳುವವರು ಚರ್ಚ್ ಸ್ಟ್ರೀಟ್ ಬಿಟ್ಟು ಪಶ್ಚಿಮಕ್ಕೆ ಬಂದೇ ಇಲ್ಲ.

ಕರಗದ ರಾತ್ರಿ ಪೇಟೆ ನೋಡಿ. ಚೈತ್ರ ಹುಣ್ಣಿಮೆಗೆ ಇಡೀ ರಾತ್ರಿ ಜನ ನಿದ್ದೆ ಮಾಡುವುದಿಲ್ಲ. ಯಾವ ಮಾಲ್‌ಗೂ ಆ ಜನ ಬರುವುದಿಲ್ಲ.

ಸಂಪಿಗೆಮರ:
@ಪೇಟೆಹುಡುಗ ಒಪ್ಪುತ್ತೇನೆ, ಆದರೆ ಕರಗ ವರ್ಷಕ್ಕೊಂದು ರಾತ್ರಿ. ಮಾಮೂಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಅವೆನ್ಯೂ ರಸ್ತೆ ಹೇಗಿರುತ್ತದೆ?

ಪೇಟೆಹುಡುಗ:
ಶಟರ್ ಎಳೆದಿರುತ್ತಾರೆ. ಅಲ್ಲಿರುವುದು ಜಾಸ್ತಿ ಹೋಲ್‌ಸೇಲ್ ವ್ಯಾಪಾರ, ಹಗಲಿನದು. ಚೆನ್ನೈ ಪ್ಯಾರಿಸ್ ಕಾರ್ನರ್ ಕೂಡ ಹಾಗೇ ಅಲ್ವಾ? ಜಾರ್ಜ್ ಟೌನ್ ಗಲ್ಲಿಗಳು ರಾತ್ರಿ ಖಾಲಿ. ಹೋಲಿಸುವುದಾದರೆ ಹಳೇ ಪೇಟೆಗೆ ಹಳೇ ಪೇಟೆ ಹೋಲಿಸಿ. ಚಿಕ್ಕಪೇಟೆಗೆ ಜಾರ್ಜ್ ಟೌನ್. ಟಿ. ನಗರಕ್ಕೆ ಬೇಕಾದರೆ ಜಯನಗರ 4ನೇ ಬ್ಲಾಕ್ ಅಥವಾ ಮಲ್ಲೇಶ್ವರ 8ನೇ ಕ್ರಾಸ್.

ಸಂಜೆಮಲ್ಲಿಗೆ:
ಗಂಡಸರು ಮಾತ್ರ ಮಾತಾಡುತ್ತಿರುವ ಹಾಗಿದೆ, ನಾನೂ ಸೇರಿಕೊಳ್ಳುತ್ತೇನೆ. ನನಗೆ ಪೇಟೆ ಜೀವಂತ ಅನ್ನುವುದಕ್ಕೆ ಒಂದೇ ಅಳತೆ. ರಾತ್ರಿ ಒಂಬತ್ತಕ್ಕೆ ನಾನು ಒಬ್ಬಳೇ ಅಲ್ಲಿ ನಿಂತಿರಬಹುದಾ, ಅಲ್ಲಿಂದ ಮನೆಗೆ ಆಟೋ ಇಲ್ಲದೆ ಬರಬಹುದಾ.

ಈ ಅಳತೆಯಲ್ಲಿ ಟಿ. ನಗರ ಗೆಲ್ಲುತ್ತದೆ. ಯಾಕೆಂದರೆ ಅಲ್ಲಿ ಮನೆಮಂದಿಯೆಲ್ಲ ಬಂದಿರುತ್ತಾರೆ. ಅಜ್ಜಿ, ಮಕ್ಕಳು, ಮದುವೆ ಸೀರೆ ತೆಗೆಯಲು ಬಂದವರು. ಅಂಥ ಜನಜಂಗುಳಿಯ ನಡುವೆ ಹೆಂಗಸಿಗೆ ಹೆದರಿಕೆ ಕಡಿಮೆ. ಚರ್ಚ್ ಸ್ಟ್ರೀಟ್‌ನಲ್ಲೂ ಜನ ಇರುತ್ತಾರೆ, ಆದರೆ ಹೆಚ್ಚಿನವರು ಇಪ್ಪತ್ತು, ಮೂವತ್ತರ ಒಳಗಿನವರು. ನನ್ನ ಅಮ್ಮನನ್ನು ಕರೆದುಕೊಂಡು ಹೋದರೆ ಅವರು ಕೂರಲು ಜಾಗ ಹುಡುಕುತ್ತಾರೆ.

ಮನೆಗೆ ಬರುವ ವಿಷಯದಲ್ಲಿ ಮಾತ್ರ ಬೆಂಗಳೂರು ಮೆಟ್ರೋ ನನಗೆ ಇಷ್ಟ. ಬೆಳಕು ಇರುತ್ತದೆ, ಸೆಕ್ಯುರಿಟಿ ಇರುತ್ತಾರೆ, ರಾತ್ರಿ ಹನ್ನೊಂದರ ಹೊತ್ತಿನ ತನಕ ರೈಲು ಇರುತ್ತದೆ. ಚೆನ್ನೈನ ಎಂಆರ್‌ಟಿಎಸ್, ಅಂದರೆ ಕಂಬದ ಮೇಲೆ ಓಡುವ ಊರ ರೈಲಿನ ಸ್ಟೇಷನ್‌ಗಳಲ್ಲಿ ರಾತ್ರಿ ಹೊತ್ತು ಒಬ್ಬಳೇ ಮೆಟ್ಟಿಲು ಹತ್ತುವುದಕ್ಕೆ ನನಗೆ ಧೈರ್ಯ ಬರುವುದಿಲ್ಲ. ಕಟ್ಟಡ ದೊಡ್ಡದು, ಒಳಗೆ ಖಾಲಿ, ಮೂಲೆಗಳೆಲ್ಲ ಕತ್ತಲು.

ಅಡಯಾರ್‌ಕಡೆ:
@ಸಂಜೆಮಲ್ಲಿಗೆ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಎಂಆರ್‌ಟಿಎಸ್ ಕಥೆ ಚೆನ್ನೈನವರೇ ನೊಂದುಕೊಳ್ಳುವ ಕಥೆ. ಬೀಚ್‌ನಿಂದ ಚೆಪಾಕ್‌ವರೆಗೆ 1995ರಲ್ಲಿ ಬಂತು. ಮೈಲಾಪುರದ ತನಕ 1997. ವೇಲಚೇರಿ ಮುಟ್ಟಿದ್ದು 2007ರಲ್ಲಿ. ಅಲ್ಲಿಂದ ಸೇಂಟ್ ಥಾಮಸ್ ಮೌಂಟ್‌ಗೆ ಬರೀ 5 ಕಿಲೋಮೀಟರ್. ಅದರಲ್ಲೂ ಆದಂಬಾಕ್ಕಂ ಹತ್ತಿರ ಕೊನೆಯ 500 ಮೀಟರ್ ಜಾಗಕ್ಕೆ ಕೋರ್ಟು, ಪರಿಹಾರ ಅಂತ ವರ್ಷಗಟ್ಟಲೆ ಕೆಲಸ ನಿಂತಿತು. ಕಂಬಗಳು ಎದ್ದು ನಿಂತಿದ್ದವು, ನಡುವೆ ಬರೀ ಗ್ಯಾಪ್. ಮೇಲಿನಿಂದ ಹೋಗುವ ಮೊದಲ ನಗರ ರೈಲು ನಮ್ಮದೇ ಅಂತ ಹೆಮ್ಮೆ ಪಟ್ಟವರು ನಾವು. ಸ್ಟೇಷನ್ ಕಟ್ಟಿದವರು ಅದರೊಳಗೆ ಅಂಗಡಿ ಬರುತ್ತದೆ, ಆಫೀಸು ಬರುತ್ತದೆ ಅಂತ ಅಷ್ಟು ದೊಡ್ಡದಾಗಿ ಕಟ್ಟಿದರು. ಬಹಳಷ್ಟು ಕಡೆ ಏನೂ ಬರಲಿಲ್ಲ.

ಆದರೂ ಒಂದು ಮಾತು. ನಾನು ಕನ್ನಡದವನು, ಚೆನ್ನೈಗೆ ಬಂದು ನೆಲೆಸಿದವನು. ವಿಮಾನದಿಂದ ಇಳಿದ ತಕ್ಷಣ ಮೆಟ್ರೋ ಸಿಗುತ್ತದೆ, 2016ರಿಂದಲೇ. ಬೆಂಗಳೂರಿನಲ್ಲಿ ಇಳಿದಾಗ ಕಣ್ಣಲ್ಲಿ ನೀರು ಬರುತ್ತದೆ.

ದೇವನಹಳ್ಳಿಬಸ್ಸು:
ಏರ್‌ಪೋರ್ಟ್‌ಗೆ ವಾಯು ವಜ್ರ ಬಸ್ಸು ಇದೆಯಲ್ಲ ಸರ್. ಸೀಟು ಸಿಗುತ್ತದೆ, ಲಗೇಜ್‌ಗೆ ಜಾಗ ಇದೆ, ಊರಿನ ನಾಲ್ಕು ದಿಕ್ಕಿಗೂ ಹೋಗುತ್ತದೆ. ಮೆಟ್ರೋದಲ್ಲಿ ಸೂಟ್‌ಕೇಸ್ ಹಿಡಿದು ನಿಂತುಕೊಂಡು ಬರುವುದಕ್ಕಿಂತ ನನಗೆ ಅದೇ ಸುಖ.

ಅಡಯಾರ್‌ಕಡೆ:
@ದೇವನಹಳ್ಳಿಬಸ್ಸು ಹೆಬ್ಬಾಳದ ಫ್ಲೈಓವರ್ ಹತ್ತಿರ ಆ ಸುಖ ಎಷ್ಟು ಹೊತ್ತು ನಿಂತಿರುತ್ತದೆ ಅಂತ ಹೇಳಿ. ಬಸ್ಸು ಒಳ್ಳೆಯದೇ. ಆದರೆ ಅದು ಕಾರುಗಳ ಹಿಂದೆಯೇ ನಿಲ್ಲಬೇಕು. ವಿಮಾನಕ್ಕೆ ಹೋಗುವವನಿಗೆ ಬೇಕಾಗಿರುವುದು ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಅನ್ನುವ ಖಾತ್ರಿ.

ಹಳಿಮೇಲೆ:
ದೇವನಹಳ್ಳಿ ಏರ್‌ಪೋರ್ಟ್ ಹತ್ತಿರ 2021ರಿಂದ ಒಂದು ಚಿಕ್ಕ ರೈಲ್ವೆ ಹಾಲ್ಟ್ ಕೂಡ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಹಳಿ ಇದೆ, ಸ್ಟೇಷನ್ ಇದೆ. ರೈಲು ಮಾತ್ರ ಬೆರಳೆಣಿಕೆ. ಬೆಂಗಳೂರಿನ ಸಬರ್ಬನ್ ಕಥೆಯೆಲ್ಲ ಇದರಲ್ಲೇ ಇದೆ. ತುಮಕೂರು, ಹೊಸೂರು, ರಾಮನಗರ, ಬಂಗಾರಪೇಟೆ, ದೊಡ್ಡಬಳ್ಳಾಪುರ, ಎಲ್ಲ ಕಡೆಗೂ ಹಳಿ ಇದೆ. ಅದರ ಮೇಲೆ ಊರಿನೊಳಗೆ ಓಡಾಡುವವರಿಗೆ ಬೇಕಾದಷ್ಟು ರೈಲು ಓಡಲಿಲ್ಲ. ದಶಕಗಟ್ಟಲೆ ಬೇಡಿಕೆ ಇತ್ತು. 148 ಕಿಲೋಮೀಟರ್‌ನ ಯೋಜನೆಗೆ ಪ್ರಧಾನಿ ಅಡಿಗಲ್ಲು ಹಾಕಿದ್ದು 2022ರ ಜೂನ್‌ನಲ್ಲಿ. ಚೆನ್ನೈಗೆ 1931ರಲ್ಲಿ ಸಿಕ್ಕಿದ್ದಕ್ಕೆ ನಾವು 2022ರಲ್ಲಿ ಅಡಿಗಲ್ಲು ಹಾಕಿದೆವು. ಮೆಟ್ರೋ ಎಷ್ಟು ಕಿಲೋಮೀಟರ್ ಆದರೂ ಈ ಕೊರತೆ ತುಂಬುವುದಿಲ್ಲ. ಮೆಟ್ರೋ ಊರೊಳಗಿನದು. ಕೋಲಾರದಿಂದ, ತುಮಕೂರಿನಿಂದ ದಿನಾ ಕೆಲಸಕ್ಕೆ ಬರುವವನಿಗೆ ಬೇಕಾಗಿರುವುದು ಸಬರ್ಬನ್.

ಮಗಾ_ಮೆಜೆಸ್ಟಿಕ್:
ಗುರು, ಮೆಜೆಸ್ಟಿಕ್ ಬಗ್ಗೆ ಯಾರೂ ಮಾತಾಡುತ್ತಿಲ್ಲ! ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಎರಡು ಮೆಟ್ರೋ ಲೈನ್ ಎಲ್ಲ ಒಂದೇ ಕಡೆ. ಚೆನ್ನೈಯಲ್ಲಿ ಅಂಥದ್ದು ಎಲ್ಲಿದೆ? ಅವರ ಊರ ಬಸ್ ಸ್ಟ್ಯಾಂಡ್ ಮೊದಲು ಪ್ಯಾರಿಸ್ ಹತ್ತಿರ ಇತ್ತು. 2002ರಲ್ಲಿ ಕೋಯಂಬೇಡಿಗೆ ಎತ್ತಿದರು. 2023ರ ಕೊನೆಗೆ ದಕ್ಷಿಣದ ಬಸ್ಸನ್ನೆಲ್ಲ ಕಿಲಾಂಬಾಕ್ಕಂಗೆ ಹಾಕಿದರು. ಅಂದರೆ ವಂಡಲೂರು ಝೂ ಆಚೆ. ಮಧುರೈಯಿಂದ ಬಂದವನು ಅಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಊರು ಸೇರಬೇಕು. ಮೆಟ್ರೋನೂ ಇಲ್ಲ ಅಲ್ಲಿಗೆ. ಮೆಜೆಸ್ಟಿಕ್‌ನಲ್ಲಿ ಇಳಿದವನು ನಡೆದುಕೊಂಡೇ ಚಿಕ್ಕಪೇಟೆಗೆ ಹೋಗುತ್ತಾನೆ. ಇದಕ್ಕಿಂತ ಇನ್ನೇನು ಬೇಕು?

ಸೆಂಟ್ರಲ್_ಸುಂದ್ರಿ:
@ಮಗಾ_ಮೆಜೆಸ್ಟಿಕ್ ಚೆನ್ನೈ ಸೆಂಟ್ರಲ್‌ನಲ್ಲೂ ದೂರದ ರೈಲು, ಸಬರ್ಬನ್, ಎರಡು ಮೆಟ್ರೋ ಲೈನ್ ಸೇರುತ್ತವೆ. ರಸ್ತೆ ದಾಟಿದರೆ ಪಾರ್ಕ್ ಸ್ಟೇಷನ್, ಅದರಾಚೆ ಎಂಆರ್‌ಟಿಎಸ್‌ನ ಪಾರ್ಕ್ ಟೌನ್. ಕಿಲಾಂಬಾಕ್ಕಂ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಸರಿ. ರೈಲ್ವೆ ಸ್ಟೇಷನ್ ತಯಾರಾಗುವ ಮೊದಲೇ ಬಸ್ ಸ್ಟ್ಯಾಂಡ್ ತೆರೆದರು. ಹಬ್ಬದ ಹಿಂದಿನ ದಿನ ಆ ಜಿ.ಎಸ್.ಟಿ. (ಗ್ರ್ಯಾಂಡ್ ಸದರನ್ ಟ್ರಂಕ್) ರೋಡ್ ಪರಿಸ್ಥಿತಿ ಯಾರಿಗೂ ಬೇಡ.

ಕೆರೆಯಂಗಳ:
ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು ಅನಿಸಿತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಧರ್ಮಾಂಬುಧಿ ಕೆರೆ. ಊರಿಗೆ ನೀರು ಕೊಡುತ್ತಿದ್ದ ಕೆರೆ. ಬಸ್ಸಿಗೆ ಜಾಗ ಬೇಕಾದಾಗ ಕೆರೆ ಹೋಯಿತು, ಮೆಟ್ರೋಗೆ ಜಾಗ ಬೇಕಾದಾಗ ಎಂ.ಜಿ. ರಸ್ತೆಯ ಬುಲೆವಾರ್ಡ್ ಮರಗಳು ಹೋದವು. ಆ ಬುಲೆವಾರ್ಡ್ ಕೆಳಗೆ ನೆರಳಿನಲ್ಲಿ ನಡೆದವರಿಗೆ ಗೊತ್ತು, ಎಂ.ಜಿ. ರಸ್ತೆಯಿಂದ ಜನ ಯಾಕೆ ದೂರ ಆದರು ಅಂತ. ಈಗ ಅದೇ ಜಾಗದಲ್ಲಿ ರಂಗೋಲಿ ಕಲಾಕೇಂದ್ರ ಇದೆ. ಚೆನ್ನಾಗಿಯೇ ಇದೆ. ಆದರೆ ಮರದ ನೆರಳಿಗೆ ಮರವೇ ಬೇಕು.

ಹೊಸಬ_ವೈಟ್‌ಫೀಲ್ಡ್:
ನಡುಭಾಗ ಯಾಕೆ ಬೇಕು ಅಂತಲೇ ನನಗೆ ಅರ್ಥವಾಗುತ್ತಿಲ್ಲ. ನನ್ನ ಆಫೀಸು ವೈಟ್‌ಫೀಲ್ಡ್, ಮನೆ ವೈಟ್‌ಫೀಲ್ಡ್, ಸಿನಿಮಾ, ಊಟ ಎಲ್ಲ ಇಲ್ಲೇ. ಬೆಂಗಳೂರಿಗೆ ಹತ್ತು ನಡುಭಾಗ ಇವೆ. ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್.

ಬಸ್‌ಪಾಸ್:
@ಹೊಸಬ_ವೈಟ್‌ಫೀಲ್ಡ್ ಅಲ್ಲಿಗೆ ಕಾರಿಲ್ಲದವನು ಹೋಗಿ ದುಡ್ಡು ಕೊಡದೆ ಸುಮ್ನೆ ಕೂರಬಹುದಾ? ಅದು ಪ್ರಶ್ನೆ. ಕಬ್ಬನ್ ಪಾರ್ಕ್‌ನಲ್ಲಿ ಕೂರಬಹುದು. ಭಾನುವಾರ ಒಳಗಿನ ರಸ್ತೆಗೆ ವಾಹನ ಬಿಡುವುದಿಲ್ಲ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಮರೀನಾದಲ್ಲಿ ಕೂರಬಹುದು. ಊರಿನ ನಡುಭಾಗ ಅಂದರೆ ಕೂಲಿಯವನು, ಇಂಜಿನಿಯರು ಇಬ್ಬರೂ ಬರುವ ಜಾಗ. ಇಂದಿರಾನಗರ 100 ಅಡಿ ರಸ್ತೆಗೆ ಕೂಲಿಯವನು ಕೆಲಸಕ್ಕೆ ಮಾತ್ರ ಬರುತ್ತಾನೆ.

ಸಂಜೆಮಲ್ಲಿಗೆ:
ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ಮರೀನಾಕ್ಕೆ ಸರಿಸಾಟಿ ಬೆಂಗಳೂರಿನಲ್ಲಿ ಇಲ್ಲ. ಸಮುದ್ರ ಇಲ್ಲ ಅನ್ನುವುದು ನಮ್ಮ ತಪ್ಪಲ್ಲ ಬಿಡಿ. ಆದರೆ ಸಂಜೆ ಇಡೀ ಊರು ಒಂದು ಕಡೆ ಬಂದು ಗಾಳಿಗೆ ಕೂರುವ ಅಭ್ಯಾಸ ಚೆನ್ನೈಗೆ ಇದೆ. ಬೆಂಗಳೂರಿನಲ್ಲಿ ಅದನ್ನು ಮಾಡುವುದು ಲಾಲ್‌ಬಾಗ್, ಕಬ್ಬನ್ ಪಾರ್ಕ್. ಸಂಜೆಯಾದ ಮೇಲೆ ಗೇಟು ಮುಚ್ಚುತ್ತಾರೆ ಅನ್ನುವುದೇ ಬೇಜಾರು.

ಮತ್ತೆ ಉಚಿತ ಬಸ್ಸಿನ ವಿಷಯ ಯಾಕೆ ಯಾರೂ ಎತ್ತಿಲ್ಲ? ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ, ನಮ್ಮಲ್ಲಿ ಶಕ್ತಿ ಯೋಜನೆ 2023ರ ಜೂನ್ 11ರಿಂದ. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ ಮೊದಲು ಬೀದಿ ಕೊನೆಯ ಅಂಗಡಿಯಲ್ಲೇ ಎಲ್ಲ ತೆಗೆದುಕೊಳ್ಳುತ್ತಿದ್ದರು. ಈಗ ಸೊಸೆಯನ್ನು ಕರೆದುಕೊಂಡು ಕೆ.ಆರ್. ಮಾರ್ಕೆಟ್‌ಗೆ ಹೋಗುತ್ತಾರೆ. ಹಬ್ಬದ ಹೂವು, ಸೀರೆ, ಸ್ಟೀಲ್ ಪಾತ್ರೆ ಎಲ್ಲ ಅಲ್ಲಿಂದಲೇ. ಪೇಟೆಗೆ ಜೀವ ಬರುವುದು ಹೀಗೆ. ಇದನ್ನು ಬರೀ ಖರ್ಚು ಅಂತ ನೋಡುವವರಿಗೆ ಆ ಅಕ್ಕನ ಮುಖ ತೋರಿಸಬೇಕು.

ತೆರಿಗೆದಾರ:
ಆ ಖರ್ಚು ಕೊಡುವವರು ನಾವು ಮೇಡಂ. ಉಚಿತ ಕೊಟ್ಟು ಬಸ್ಸು ಹೆಚ್ಚಿಸದಿದ್ದರೆ ಏನು ಉಪಯೋಗ? ನಿಲ್ಲಲೂ ಜಾಗ ಇಲ್ಲ. 2025ರ ಜನವರಿಯಲ್ಲಿ ಬಸ್ ದರ 15 ಪರ್ಸೆಂಟ್ ಏರಿತು. ಟಿಕೆಟ್ ತೆಗೆದುಕೊಳ್ಳುವವರ ಮೇಲೆ ಅದು ಬಿತ್ತು.

ಸಂಜೆಮಲ್ಲಿಗೆ:
@ತೆರಿಗೆದಾರ ಬಸ್ಸು ಹೆಚ್ಚಿಸಬೇಕು ಅನ್ನುವುದಕ್ಕೆ ನಾನೂ ಕೈ ಎತ್ತುತ್ತೇನೆ. ಬಸ್ಸು ತುಂಬಿದೆ ಅಂದರೆ ಜನಕ್ಕೆ ಅದು ಬೇಕಿತ್ತು ಅಂತಲೇ ಅರ್ಥ. ಇನ್ನು ಫ್ಲೈಓವರ್‌ಗೂ ನಾವೇ ಕೊಡುತ್ತೇವೆ. ಅದರ ಮೇಲೆ ಕಾರಿನವರು ಉಚಿತವಾಗಿ ಹೋಗುತ್ತಾರೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಲೆಕ್ಕದಮೇಷ್ಟ್ರು:
ದರದ ವಿಷಯ ಬಂತಲ್ಲ, ಅದನ್ನು ಸರಿಯಾಗಿ ನೋಡಿ. ಚೆನ್ನೈ ಮೆಟ್ರೋದಲ್ಲಿ ಗರಿಷ್ಠ ದರ 70 ರೂಪಾಯಿ ಇತ್ತು. 2021ರ ಫೆಬ್ರವರಿಯಲ್ಲಿ 50ಕ್ಕೆ ಇಳಿಸಿದರು. ಬೆಂಗಳೂರಿನಲ್ಲಿ 60 ಇತ್ತು. 2025ರ ಫೆಬ್ರವರಿಯಲ್ಲಿ 90ಕ್ಕೆ ಏರಿಸಿದರು. ಜನ ಗಲಾಟೆ ಮಾಡಿದ ಮೇಲೆ ನಡುವಿನ ಕೆಲವು ದರ ಸ್ವಲ್ಪ ಇಳಿಯಿತು, 90 ಮಾತ್ರ ಹಾಗೇ ಉಳಿಯಿತು. ಒಂದು ಊರು ಇಳಿಸಿತು, ಇನ್ನೊಂದು ಏರಿಸಿತು. ಹಾಗಿದ್ದರೂ ಜನ ಜಾಸ್ತಿ ಹತ್ತುವುದು ಬೆಂಗಳೂರಿನಲ್ಲೇ. ಯೆಲ್ಲೋ ಲೈನ್ ಶುರುವಾದ 2025ರ ಆಗಸ್ಟ್ 11ರಂದು ಒಂದೇ ದಿನ 10 ಲಕ್ಷ ದಾಟಿತು. ಚೆನ್ನೈ ಮೆಟ್ರೋ ಅದರ ಹತ್ತಿರಕ್ಕೂ ಬಂದಿಲ್ಲ.

ಕಾರಣ ಏನು? ನಮ್ಮ ಮೆಟ್ರೋ ಒಳ್ಳೆಯದು ಅಂತ ಮಾತ್ರ ಅಲ್ಲ. ನಮ್ಮಲ್ಲಿ ಬೇರೆ ದಾರಿ ಇಲ್ಲ. ಚೆನ್ನೈಯಲ್ಲಿ ತಾಂಬರಂನಿಂದ ಎಗ್ಮೋರ್‌ಗೆ ಹೋಗುವವನಿಗೆ ಹತ್ತು ರೂಪಾಯಿ ಆಸುಪಾಸಿನ ಸಬರ್ಬನ್ ಇದೆ. ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಬರುವವನಿಗೆ ಮೆಟ್ರೋ ಬಿಟ್ಟರೆ ಬೇಕಾದ ಹೊತ್ತಿಗೆ ರೈಲು ಸಿಗುವುದಿಲ್ಲ, ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳಬೇಕು.

ಬೊಮ್ಮಸಂದ್ರ_ಶಿಫ್ಟ್:
ಯೆಲ್ಲೋ ಲೈನ್ ಬಗ್ಗೆ ಒಂದು ಮಾತು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಹಳಿ ತಯಾರಾಗಿ ಎಷ್ಟೋ ಕಾಲ ಬೋಗಿ ಇಲ್ಲದೆ ಕಾದೆವು. ಫ್ಯಾಕ್ಟರಿ ಶಿಫ್ಟ್‌ಗೆ ಹೋಗುವವನಿಗೆ 25 ನಿಮಿಷ ಅಂದರೆ ಒಂದು ರೈಲು ತಪ್ಪಿದರೆ ಅರ್ಧ ದಿನದ ಸಂಬಳ ಹೋಗಬಹುದು. ಆಮೇಲೆ ರೈಲು ಹೆಚ್ಚಾಯಿತು, ಸಂತೋಷ. ಆದರೂ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹೊಗೆ ಕುಡಿದವನಿಗೆ ಆ ಮೇಲಿನ ಹಳಿ ನೋಡಿದರೆ ಕೈಮುಗಿಯಬೇಕು ಅನಿಸುತ್ತದೆ.

ಚಾರ್‌ಮಿನಾರ್_ಕನ್ನಡಿಗ:
ನೀವಿಬ್ಬರೂ ಜಗಳ ಆಡಿಕೊಳ್ಳಿ, ಹೈದರಾಬಾದ್ ಮೆಟ್ರೋ ಮುಂದೆ ಎರಡೂ ಇಲ್ಲ 😀

ಹಳಿಮೇಲೆ:
@ಚಾರ್‌ಮಿನಾರ್_ಕನ್ನಡಿಗ ಏರ್‌ಪೋರ್ಟ್‌ಗೆ ಮೆಟ್ರೋ ಬಂದಿದೆಯಾ ಅಣ್ಣ? ನಿಮ್ಮ ಲೋಕಲ್ ರೈಲು ಎಂಎಂಟಿಎಸ್ ಎಷ್ಟು ಹೊತ್ತಿಗೊಂದು?

ಪೇಟೆಹುಡುಗ:
ದಯವಿಟ್ಟು ಮೂರನೇ ಊರು ಬೇಡ. ಆಮೇಲೆ ಮುಂಬೈಯವರು ಬರುತ್ತಾರೆ, ಎಲ್ಲ ಮುಗಿಯುತ್ತದೆ.

ಫುಟ್‌ಪಾತ್:
ನಾನು ನಗರ ಯೋಜನೆಯಲ್ಲಿ ಓದಿದವಳು. ಸಂಪಿಗೆಮರ ಅವರ ಮೊದಲ ಪ್ರಶ್ನೆಗೆ, ಅಂದರೆ ಮೆಟ್ರೋ ಇಲ್ಲದ ಟಿ. ನಗರದಲ್ಲಿ ಯಾಕೆ ಜನ ಅನ್ನುವುದಕ್ಕೆ ನನ್ನ ಉತ್ತರ ಫುಟ್‌ಪಾತ್.

ಟಿ. ನಗರದ ಪಾಂಡಿ ಬಜಾರ್‌ನಲ್ಲಿ 2019ರ ನವೆಂಬರ್‌ನಲ್ಲಿ ಪಾದಚಾರಿ ಪ್ಲಾಜಾ ತೆರೆದರು. ಕಾರಿನ ಜಾಗ ಕಿತ್ತು ನಡೆಯುವವರಿಗೆ ಕೊಟ್ಟರು. ಅಗಲ ಫುಟ್‌ಪಾತ್, ಕೂರಲು ಬೆಂಚು. ಅಂಗಡಿಯವರು ಮೊದಲು ವಿರೋಧ ಮಾಡಿದರು, ಕಾರು ಬರದಿದ್ದರೆ ಗಿರಾಕಿ ಬರುವುದಿಲ್ಲ ಅಂತ. 2023ರಲ್ಲಿ ಮಾಂಬಲಂ ಸ್ಟೇಷನ್‌ನಿಂದ ಟಿ. ನಗರ ಬಸ್ ಸ್ಟ್ಯಾಂಡ್‌ವರೆಗೆ ಮೇಲ್ಗಡೆ ನಡೆಯುವ ಸೇತುವೆ ಕಟ್ಟಿದರು, ಅರ್ಧ ಕಿಲೋಮೀಟರ್‌ಗಿಂತ ಉದ್ದ. ರೈಲು ಇಳಿದವನು ನೆಲಕ್ಕೆ ಕಾಲಿಡದೆ ಬಸ್ಸಿಗೆ ಹೋಗಬಹುದು. ರೈಲು, ನಡಿಗೆ, ಬಸ್ಸು, ಮೂರೂ ಒಂದಕ್ಕೊಂದು ಸೇರಿದವು.

ಈಗ ನಮ್ಮ ಚರ್ಚ್ ಸ್ಟ್ರೀಟ್. 2018ರಲ್ಲಿ ಕಲ್ಲು ಹಾಸಿ ಚೆನ್ನಾಗಿ ಮಾಡಿದರು. ಎಂ.ಜಿ. ರೋಡ್ ಮೆಟ್ರೋ ಪಕ್ಕದಲ್ಲೇ. 2020ರ ನವೆಂಬರ್‌ನಿಂದ 2021ರ ಫೆಬ್ರವರಿ ತನಕ ವಾರದ ಕೊನೆಯ ಎರಡು ದಿನ ವಾಹನ ನಿಲ್ಲಿಸಿದರು. ನಗರ ಭೂಸಾರಿಗೆ ನಿರ್ದೇಶನಾಲಯದ ಪ್ರಯೋಗ ಅದು, ಐಐಎಸ್‌ಸಿಯವರು ಗಾಳಿ ಅಳೆದರು. ಜನ ತುಂಬಿಕೊಂಡರು. ಬೀದಿ ನಡುವೆ ಹಾಡು, ಮಕ್ಕಳ ಓಡಾಟ. ಆಮೇಲೆ? ಕಾರು ವಾಪಸ್ ಬಂತು. ಎಲ್ಲ ಸರಿಯಾಗಿ ನಡೆದ ಮೇಲೂ ನಿಲ್ಲಿಸಿದರು ಅನ್ನುವುದೇ ನನಗೆ ಇವತ್ತಿಗೂ ಸಹಿಸಲಾಗದ ಮಾತು. ಜಾಗ ಇದೆ, ಮೆಟ್ರೋ ಇದೆ, ಜನಕ್ಕೆ ಇಷ್ಟ ಇದೆ. ಒಂದು ಗೇಟು ಹಾಕಿದರೆ ಸಾಕಿತ್ತು.

ಸಂಪಿಗೆಮರ:
@ಫುಟ್‌ಪಾತ್ ಇದು ನಾನು ಕಾಯುತ್ತಿದ್ದ ಉತ್ತರ. ಆದರೆ ಪಾಂಡಿ ಬಜಾರ್‌ನ ಬೀದಿ ವ್ಯಾಪಾರಿಗಳ ಕಥೆ ಏನು? ಅವರನ್ನು ಓಡಿಸಿ ಅಲ್ವಾ ಫುಟ್‌ಪಾತ್ ಚೆನ್ನಾಗಿ ಕಾಣುತ್ತಿರುವುದು?

ಫುಟ್‌ಪಾತ್:
ನಿಜ, ಅದು ಆ ಪ್ಲಾಜಾದ ನೋವಿನ ಭಾಗ. 2013ರಲ್ಲೇ ಅವರನ್ನು ಹತ್ತಿರದ ಒಂದು ಕಟ್ಟಡದೊಳಗೆ ಹಾಕಿದರು. ಮಹಡಿ ಮೇಲಿನ ಅಂಗಡಿಗೆ ದಾರಿಹೋಕರು ಬರುವುದಿಲ್ಲ, ವ್ಯಾಪಾರ ಬಿದ್ದುಹೋಯಿತು ಅಂತ ಅವರ ದೂರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಎರಡೂ ಊರಿಗೆ ಒಂದೇ. ಪಟ್ಟಣ ವ್ಯಾಪಾರ ಸಮಿತಿ ಮಾಡಿ, ಜಾಗ ಗುರುತಿಸಿ, ಆಮೇಲೆ ಮಾತ್ರ ಎಬ್ಬಿಸಬೇಕು ಅನ್ನುತ್ತದೆ ಅದು. ಅದನ್ನು ಸರಿಯಾಗಿ ಪಾಲಿಸಿದ ಊರು ಇವೆರಡರಲ್ಲಿ ನನಗೆ ಕಂಡಿಲ್ಲ.

ಅಂಗಡಿ_ಗಾಂಧಿಬಜಾರ್:
ನಾವು ಗಾಂಧಿ ಬಜಾರ್‌ನಲ್ಲಿ ವ್ಯಾಪಾರದವರು. ಓದುವವರಿಗೆ ಪಾದಚಾರಿ ರಸ್ತೆ ಸುಂದರ. ಕೆಲಸ ನಡೆಯುವಾಗ ತಿಂಗಳುಗಟ್ಟಲೆ ರಸ್ತೆ ಅಗೆದಿದ್ದರೆ ಬಾಡಿಗೆ ಕಟ್ಟುವವರು ಯಾರು? ಎಂ.ಜಿ. ರೋಡ್‌ನ ಪಿಂಕ್ ಲೈನ್ ಸ್ಟೇಷನ್‌ಗಾಗಿ ಕಾಮರಾಜ್ ರೋಡ್ 2019ರಲ್ಲಿ ಮುಚ್ಚಿದರು. ಒಂದು ಬದಿ ತೆರೆಯಲು 2024 ಆಯಿತು. ಐದು ವರ್ಷ! ಅಲ್ಲಿನ ಸಣ್ಣ ಅಂಗಡಿಯವರನ್ನು ಯಾರಾದರೂ ಕೇಳಿದ್ದಾರಾ?

ನಾನು ಮೆಟ್ರೋಗೆ ವಿರೋಧಿಯಲ್ಲ. ಸೌತ್ ಎಂಡ್, ನ್ಯಾಷನಲ್ ಕಾಲೇಜ್ ಸ್ಟೇಷನ್ ಬಂದ ಮೇಲೆ ದೂರದ ಗಿರಾಕಿ ಬರುತ್ತಿದ್ದಾರೆ. ಕಡಲೆಕಾಯಿ ಪರಿಷೆಗೆ ಬರುವ ಜನ ನೋಡಿ. ಮೊದಲು ಸುತ್ತಮುತ್ತಲ ಬಡಾವಣೆಯವರು, ಈಗ ಇಡೀ ಊರು. ಆದರೆ ಕಾಮಗಾರಿಗೆ ದಿನಾಂಕ ಕೊಟ್ಟರೆ ಆ ದಿನಾಂಕಕ್ಕೆ ಮುಗಿಸಬೇಕು.

ಅಡಯಾರ್‌ಕಡೆ:
ಚೆನ್ನೈಯಲ್ಲೂ ಇದೇ ಗೋಳು. ಎರಡನೇ ಹಂತ ಸುಮಾರು 119 ಕಿಲೋಮೀಟರ್, ಮೂರು ಲೈನ್. ಮೌಂಟ್ ರೋಡ್ ಕಡೆ, ಮೈಲಾಪುರ, ಐಟಿ ಕಂಪನಿಗಳಿರುವ ಓಎಂಆರ್ ರಸ್ತೆ ಎಲ್ಲ ಅಗೆದರು. ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2024ರ ಅಕ್ಟೋಬರ್‌ನಲ್ಲಿ, 63,246 ಕೋಟಿ. ಅಲ್ಲಿಯವರೆಗೆ ರಾಜ್ಯವೇ ತಳ್ಳಿಕೊಂಡು ಬಂತು. ಇದು ಮುಗಿದರೆ ಪನಗಲ್ ಪಾರ್ಕ್ ಕೆಳಗೆ ಸ್ಟೇಷನ್ ಬರುತ್ತದೆ. ಅಂದರೆ ಟಿ. ನಗರಕ್ಕೂ ಮೆಟ್ರೋ. ಆಗ ಸಂಪಿಗೆಮರ ಅವರ ಪ್ರಶ್ನೆಯೇ ಬದಲಾಗುತ್ತದೆ.

ಹೊಸಬ_ವೈಟ್‌ಫೀಲ್ಡ್:
ಅಂದರೆ ಶೋಲಿಂಗನಲ್ಲೂರು, ಸಿರುಸೇರಿಯ ಐಟಿಯವರು ಇಷ್ಟು ವರ್ಷ ರಸ್ತೆಯನ್ನೇ ನಂಬಿಕೊಂಡಿದ್ದರು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎರಡಕ್ಕೂ ನಮ್ಮಲ್ಲಿ ಮೆಟ್ರೋ ಬಂತು. ಕೆಲಸಕ್ಕೆ ಹೋಗುವವರ ಲೆಕ್ಕದಲ್ಲಿ ಬೆಂಗಳೂರೇ ಮುಂದೆ ಅಂತ ಬರೆದುಕೊಳ್ಳಿ.

ಹಳಿಮೇಲೆ:
ಬರೆದುಕೊಂಡೆ. ಆದರೆ ಔಟರ್ ರಿಂಗ್ ರೋಡ್ ಆಫೀಸುಗಳ ಲೆಕ್ಕವನ್ನೂ ಅದರ ಕೆಳಗೇ ಬರೆಯಿರಿ. 2019ರಲ್ಲಿ ಅಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಮಾಡಿದರು, ಕಂಬ ನೆಟ್ಟರು. ಬಸ್ಸು ನಿಜವಾಗಿಯೂ ವೇಗವಾಗಿ ಹೋಯಿತು. ಮೆಟ್ರೋ ಕೆಲಸ ಬಂದಾಗ ಅದು ಮಾಯವಾಯಿತು.

ಬಸ್‌ಪಾಸ್:
ಆ ಪಥದ ವಿಷಯ ನೆನಪಿಸಿದ್ದಕ್ಕೆ ಥ್ಯಾಂಕ್ಸ್. ಮೆಟ್ರೋಗೆ ಹತ್ತು ವರ್ಷ ಬೇಕು, ಸಾವಿರಾರು ಕೋಟಿ ಬೇಕು. ಬಸ್ ಪಥಕ್ಕೆ ಬಣ್ಣ, ಕಂಬ, ಟ್ರಾಫಿಕ್ ಪೊಲೀಸ್ ಸಾಕು. ಎರಡೂ ಊರಿನಲ್ಲಿ ಇದನ್ನು ಗಟ್ಟಿಯಾಗಿ ಮಾಡಿದವರಿಲ್ಲ.

ಗಾಲಿಕುರ್ಚಿ:
ಇಷ್ಟು ಹೊತ್ತು ಓದಿದೆ. ನನ್ನಂಥವರ ಬಗ್ಗೆ ಒಂದು ಸಾಲೂ ಇಲ್ಲ. ಮೆಟ್ರೋ ಎರಡೂ ಊರಿನಲ್ಲಿ ಚೆನ್ನ. ಲಿಫ್ಟ್ ಇದೆ, ರೈಲಿನೊಳಗೆ ಜಾಗ ಇದೆ. ಸ್ಟೇಷನ್‌ನಿಂದ ಹೊರಗೆ ಬಂದ ತಕ್ಷಣ ಕಥೆ ಮುಗಿಯಿತು. ಫುಟ್‌ಪಾತ್ ಮೇಲೆ ಬೈಕು, ಟ್ರಾನ್ಸ್‌ಫಾರ್ಮರ್, ಎತ್ತರದ ಅಂಚು. ಚೆನ್ನೈಯಲ್ಲಿ ಅಂಗವಿಕಲರ ಹಕ್ಕಿಗಾಗಿ ಹೋರಾಡುವವರು ಕೋರ್ಟಿಗೆ ಹೋದರು. 2024ರಲ್ಲಿ ತಗ್ಗು ನೆಲದ ಬಸ್ಸು ಬಂದವು. ಎಲ್ಲ ರೂಟಿನಲ್ಲಿ ಇಲ್ಲ, ಆದರೂ ಬಂದವು. ಬೆಂಗಳೂರಿನ ಮಾಮೂಲಿ ಬಸ್ಸಿಗೆ ನಾನು ಹತ್ತುವುದು ಹೇಗೆ? ಪಾಂಡಿ ಬಜಾರ್‌ನಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿದ್ದೇನೆ. ಬೆಂಗಳೂರಿನಲ್ಲಿ ಅಂಥ ಬೀದಿ ನನಗೆ ಚರ್ಚ್ ಸ್ಟ್ರೀಟ್ ಒಂದೇ.

ಫುಟ್‌ಪಾತ್:
@ಗಾಲಿಕುರ್ಚಿ ನೀವು ಹೇಳಿದ್ದು ಎಲ್ಲಕ್ಕಿಂತ ಮೊದಲು ಬರಬೇಕಿತ್ತು. ಚರ್ಚ್ ಸ್ಟ್ರೀಟ್‌ಗೆ ಮೆಟ್ರೋದಿಂದ ಬರುವಾಗ ಬ್ರಿಗೇಡ್ ರೋಡ್ ಜಂಕ್ಷನ್ ದಾಟಲು ಆಗುತ್ತದಾ?

ಗಾಲಿಕುರ್ಚಿ:
ಯಾರಾದರೂ ಕೈ ತೋರಿಸಿ ಗಾಡಿ ನಿಲ್ಲಿಸಿದರೆ ಆಗುತ್ತದೆ. ಸಿಗ್ನಲ್ ಬಿಡುವ ಹೊತ್ತು ನನಗೆ ಸಾಲುವುದಿಲ್ಲ.

ಲೆಕ್ಕದಮೇಷ್ಟ್ರು:
ಇಲ್ಲಿ ಎಲ್ಲರೂ ಹೇಳುತ್ತಿರುವುದು ಒಂದೇ. ರೈಲು ಒಬ್ಬರದು, ಬಸ್ಸು ಇನ್ನೊಬ್ಬರದು, ಫುಟ್‌ಪಾತ್ ಮತ್ತೊಬ್ಬರದು, ಸಿಗ್ನಲ್ ಪೊಲೀಸರದು. ಇದನ್ನೆಲ್ಲ ಕೂಡಿಸಲು ಚೆನ್ನೈಯವರು 2010ರಲ್ಲೇ ಕಾಯ್ದೆ ಮಾಡಿದರು, ಕಮ್ಟಾ ಅಂತ. ಬಹಳ ವರ್ಷ ಅದು ಕಾಗದದ ಮೇಲೆ ಮಲಗಿತ್ತು. ಎದ್ದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಚೆನ್ನೈ ಒನ್ ಆ್ಯಪ್ ತಂದಿತು. ಬಸ್ಸು, ಮೆಟ್ರೋ, ಸಬರ್ಬನ್‌ಗೆ ಒಂದೇ ಕಡೆ ಟಿಕೆಟ್. ನಮ್ಮಲ್ಲಿ ಅಂಥದ್ದೇ ಬಿಎಂಎಲ್‌ಟಿಎ ಮಸೂದೆ ಪಾಸಾಗಿದ್ದು 2022ರಲ್ಲಿ. ಬಿಎಂಟಿಸಿ ಮತ್ತು ಮೆಟ್ರೋ ಎರಡೂ ಸರ್ಕಾರದ್ದೇ. ಅವೆರಡಕ್ಕೆ ಒಂದು ಟಿಕೆಟ್ ಮಾಡಲು ಯಾವ ಸುರಂಗವೂ ಕೊರೆಯಬೇಕಾಗಿಲ್ಲ.

ತೆರಿಗೆದಾರ:
ಇದಕ್ಕೆ ಮಾತ್ರ ನಾನು ತೆರಿಗೆ ಕೊಡಲು ತಯಾರು.

ಸೆಂಟ್ರಲ್_ಸುಂದ್ರಿ:
ಚೆನ್ನೈ ಒನ್ ಬಗ್ಗೆ ಹೊಗಳಿಕೆ ಜಾಸ್ತಿಯಾಯಿತು. ಆ್ಯಪ್‌ನಲ್ಲಿ ಟಿಕೆಟ್ ಒಂದೇ, ಆದರೆ ರೈಲಿನಿಂದ ಬಸ್ಸಿಗೆ ಬರುವ ದಾರಿ ಹಾಗೇ ಇದೆ. ಸ್ಮಾರ್ಟ್‌ಫೋನ್ ಇಲ್ಲದ ಹೂವಿನ ಅಜ್ಜಿಗೆ ಕೌಂಟರ್‌ನಲ್ಲೂ ಅದೇ ಟಿಕೆಟ್ ಸಿಗಬೇಕು. ಇನ್ನೊಂದು ಮಾತು. ಬೀಚ್‌ನಿಂದ ಚೆಂಗಲ್‌ಪಟ್ಟುಗೆ 2025ರ ಏಪ್ರಿಲ್‌ನಲ್ಲಿ ಎಸಿ ಸಬರ್ಬನ್ ಬಂತು. ಮೇ ತಿಂಗಳ ಸೆಖೆಯಲ್ಲಿ ಅದು ವರ. ಆದರೆ ದರ ಮಾಮೂಲಿ ರೈಲಿಗಿಂತ ಬಹಳ ಜಾಸ್ತಿ. ಅಗ್ಗದ ರೈಲೇ ಈ ಊರಿನ ಶಕ್ತಿ, ಅದನ್ನು ಕಡಿಮೆ ಮಾಡಿ ಎಸಿ ಹೆಚ್ಚಿಸಿದರೆ ನಾವು ಒಪ್ಪುವುದಿಲ್ಲ.

ಟ್ರಾಮ್_ತಾತ:
ಮದ್ರಾಸಿನಲ್ಲಿ 1895ರಿಂದ ಟ್ರಾಮ್ ಇತ್ತು, 1953ರಲ್ಲಿ ನಿಂತಿತು. ನಮ್ಮ ತಂದೆ ಅದರಲ್ಲಿ ಓಡಾಡಿದವರು. ಮೌಂಟ್ ರೋಡ್‌ನಲ್ಲಿ ಟ್ರಾಮ್ ನಿಧಾನ ಹೋಗುತ್ತಿತ್ತು, ಜನ ಓಡುತ್ತಲೇ ಹತ್ತುತ್ತಿದ್ದರು ಅನ್ನುತ್ತಿದ್ದರು. ಅದನ್ನು ಉಳಿಸಿಕೊಂಡಿದ್ದರೆ ಈ ಚರ್ಚೆಯಲ್ಲಿ ಬೆಂಗಳೂರಿಗೆ ಮಾತೇ ಇರುತ್ತಿರಲಿಲ್ಲ.

ಮಗಾ_ಮೆಜೆಸ್ಟಿಕ್:
ತಾತ, ನೀವು ಯಾವ ಊರಿನ ಕಡೆ? 😀

ಟ್ರಾಮ್_ತಾತ:
ಹುಟ್ಟಿದ್ದು ಮೈಲಾಪುರ, ಇರುವುದು ಮಲ್ಲೇಶ್ವರ. ಡಿಸೆಂಬರ್‌ನಲ್ಲಿ ಸಂಗೀತ ಸಭೆಗಳಿಗೆ ಮೈಲಾಪುರಕ್ಕೆ ಹೋಗುತ್ತೇನೆ. ಸಭೆ, ಕ್ಯಾಂಟೀನು, ಕಪಾಲೀಶ್ವರನ ಗುಡಿ, ಎಲ್ಲ ನಡೆದೇ ಮುಗಿಯುತ್ತದೆ. ಉಳಿದ ಹನ್ನೊಂದು ತಿಂಗಳು ಮಲ್ಲೇಶ್ವರದ ಸಂಪಿಗೆ ರಸ್ತೆ ನನಗೆ ಸಾಕು. ವಯಸ್ಸಾದವನಿಗೆ ಬೇಕಾಗಿರುವುದು ಹತ್ತು ನಿಮಿಷದ ನಡಿಗೆಯಲ್ಲಿ ತರಕಾರಿ, ಗುಡಿ, ಕಾಫಿ, ಮಾತಾಡಲು ನಾಲ್ಕು ಜನ.

ಸಂಪಿಗೆಮರ:
ತಾತ, ಸಂಪಿಗೆ ರಸ್ತೆಯ ಮೆಟ್ರೋದಿಂದ 8ನೇ ಕ್ರಾಸ್‌ವರೆಗೆ ನೀವು ನಡೆದೇ ಹೋಗುತ್ತೀರಾ? ಅಲ್ಲಿನ ಫುಟ್‌ಪಾತ್ ಹೇಗಿದೆ ಅಂತ ಹೇಳಿ. @ಫುಟ್‌ಪಾತ್, @ಗಾಲಿಕುರ್ಚಿ, ನೀವಿಬ್ಬರೂ ಒಪ್ಪಿದರೆ ಆ ದಾರಿಯನ್ನು ಒಂದು ಭಾನುವಾರ ಒಟ್ಟಿಗೆ ನೋಡೋಣ. ಎಲ್ಲಿ ಅಂಚು ಎತ್ತರ, ಎಲ್ಲಿ ಕಂಬ ಅಡ್ಡ, ಎಲ್ಲಿ ಸಿಗ್ನಲ್ ಸಾಲದು ಅಂತ ಪಟ್ಟಿ ಮಾಡಿ ವಾರ್ಡ್ ಕಚೇರಿಗೆ ಕೊಡೋಣ.

ಗಾಲಿಕುರ್ಚಿ:
ಬರುತ್ತೇನೆ. ಭಾನುವಾರ ಮೆಟ್ರೋ ಏಳಕ್ಕೆ ಶುರು, ಅದಕ್ಕಿಂತ ಮೊದಲು ಕರೆಯಬೇಡಿ.

ಫುಟ್‌ಪಾತ್:
ನಾನು ಅಳತೆ ಟೇಪು ತರುತ್ತೇನೆ. ಎಂಟೂವರೆಗೆ, ಮಂತ್ರಿ ಸ್ಕ್ವೇರ್ ಸ್ಟೇಷನ್ ಲಿಫ್ಟ್ ಹತ್ತಿರ.